ಯಾವ ಪುಸ್ತಕ ಕೊಳ್ಳಲಿ ಅನ್ನುವ ಮೊದಲು ನಿಮ್ಮ ಒಂದು ತಪ್ಪನ್ನು ನೆನಪು ಮಾಡಿಕೊಳ್ಳಿ

"ಅಕ್ಕಾ, ಲೀಡರ್‌ಶಿಪ್ ಬುಕ್ ಯಾವುದು ಚೆನ್ನಾಗಿದೆ ಹೇಳ್ರಿ, ಒಂದೇ ಒಂದು ತಗೋತೀನಿ."

ಈ ಪ್ರಶ್ನೆ ನನಗೆ ತಿಂಗಳಿಗೆ ಎರಡು ಸಲವಾದರೂ ಬರುತ್ತದೆ. ಕೇಳುವವರು ಬೇರೆ ಬೇರೆ. ಹೊಸದಾಗಿ ಹೊಲಿಗೆ ಲೈನ್ ನೋಡಿಕೊಳ್ಳಲು ಬಂದ ಹುಡುಗ, ಸ್ವಸಹಾಯ ಸಂಘದ ಲೆಕ್ಕ ಬರೆಯುವ ಅಕ್ಕ, ಪೊಲೀಸ್ ಪರೀಕ್ಷೆಗೆ ಓದುತ್ತಿರುವ ತಮ್ಮ. ಇವರೆಲ್ಲರಿಗೂ ಒಂದೇ ಪುಸ್ತಕ ಹೇಳಿ ಕಳಿಸುವುದು ಸರಿಯಲ್ಲ. ಎಲ್ಲರಿಗೂ ಒಂದೇ ಮಾತ್ರೆ ಕೊಟ್ಟಂತೆ ಆಗುತ್ತದೆ. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ನಾನು ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಒಂದು ಯೂನಿಟ್‌ನಲ್ಲಿ ಸೂಪರ್‌ವೈಸರ್. 22 ಜನ ಇದ್ದೇವೆ. ಮೊದಲು ನಾನೂ ಮಷೀನ್ ಮುಂದೆ ಕೂತವಳೇ, ಪೀಸ್ ಲೆಕ್ಕದಲ್ಲಿ ಕೂಲಿ ತಗೊಂಡವಳೇ. ಸೂಪರ್‌ವೈಸರ್ ಆದ ಎರಡನೇ ತಿಂಗಳು ಒಂದು ತಪ್ಪು ಮಾಡಿದೆ. ಏಪ್ರಿಲ್ ತಿಂಗಳು, ಮಧ್ಯಾಹ್ನ ಮೂರು ಗಂಟೆ, ತಲೆ ಮೇಲೆ ತಗಡಿನ ಶೀಟು, ನಮ್ಮೂರ ಬಿಸಿಲು ಹೇಗಿರುತ್ತದೆ ಅಂತ ನಿಮಗೆ ಹೇಳಬೇಕಿಲ್ಲ ಅಲ್ವಾ. ಬೆಲ್ಟ್ ಹಾಕುವ ಹುಡುಗ ಎದ್ದು ಬಂದು "ಅಕ್ಕಾ, ಸೊಂಟ ಕೂರ್ತಿಲ್ಲ" ಅಂದ. ನೋಡಿದರೆ ಒಂದು ಇಡೀ ಬಂಡಲ್‌ನಲ್ಲಿ 32 ಸೈಜಿನ ಮುಂಭಾಗಕ್ಕೆ 34 ಸೈಜಿನ ಹಿಂಭಾಗ ಸೇರಿ ಹೊಲಿಗೆ ಬಿದ್ದಿತ್ತು. 30 ಪ್ಯಾಂಟ್. ಸೈಡ್ ಹೊಲಿಗೆ ಹಾಕಿದ್ದ ಅಕ್ಕನನ್ನು ಎಲ್ಲರ ಮುಂದೆ ನಿಲ್ಲಿಸಿ ಬೈದೆ. ಅವರು ನನಗಿಂತ ಹತ್ತು ವರ್ಷ ದೊಡ್ಡವರು, ನನಗೆ ಮಷೀನ್‌ಗೆ ದಾರ ಪೋಣಿಸುವುದನ್ನು ಕಲಿಸಿದವರು. ಒಂದು ಮಾತೂ ಆಡಲಿಲ್ಲ. ಕೈಯಲ್ಲಿದ್ದ ಸಣ್ಣ ಕತ್ತರಿಯನ್ನು ಮಷೀನ್ ಮೇಲೆ ಇಟ್ಟರು. ಸೆರಗಿನಿಂದ ಮುಖ ಒರೆಸಿಕೊಂಡು ಊಟದ ಡಬ್ಬಿ ಹಿಡಿದು ಹೊರಟರು. ಸೋಮವಾರ ಬರಲಿಲ್ಲ, ಆಮೇಲೂ ಬರಲಿಲ್ಲ.

ತಪ್ಪು ಅವರದಲ್ಲ ಅಂತ ನಾಲ್ಕು ದಿನದ ಮೇಲೆ ಗೊತ್ತಾಯಿತು. ಕಟಿಂಗ್ ಟೇಬಲ್ ಮೇಲೆ ಫ್ಯಾನ್ ಗಾಳಿಗೆ ಸೈಜ್ ಚೀಟಿ ಹಾರಿ ಬೇರೆ ಬಂಡಲ್‌ಗೆ ಹೋಗಿತ್ತು.

ಪುಸ್ತಕ ಹೋಲಿಸುವುದಕ್ಕೆ ನಾನು ಇಟ್ಟುಕೊಂಡಿರುವ ತಕ್ಕಡಿ ಇದೇ ಘಟನೆ. ಯಾವ ಪುಸ್ತಕ ಕೈಗೆ ಬಂದರೂ ಅದರ ಮುಂದೆ ಈ 30 ಪ್ಯಾಂಟ್ ಇಡುತ್ತೇನೆ. ನಾಳೆ ಬೆಳಿಗ್ಗೆ ನಾನು ಏನು ಮಾಡಬೇಕು ಅಂತ ಈ ಪುಸ್ತಕ ಹೇಳುತ್ತದಾ ಅಂತ ಕೇಳಿಕೊಳ್ಳುತ್ತೇನೆ. ನೀವೂ ನಿಮ್ಮದೊಂದು ಘಟನೆ ಇಟ್ಟುಕೊಳ್ಳಿ. ಮನಸ್ಸಿಗೆ ಚುಚ್ಚುವಂಥದ್ದೇ ಇರಲಿ. ಅದು ಇಲ್ಲದೆ ಅಂಗಡಿಗೆ ಹೋದರೆ ಎಲ್ಲ ಪುಸ್ತಕವೂ ಚೆನ್ನಾಗಿಯೇ ಕಾಣುತ್ತದೆ, ಹಿಂದಿನ ರಟ್ಟಿನ ಮೇಲೆ ಎಷ್ಟು ಪ್ರತಿ ಮಾರಾಟವಾಗಿದೆ ಅಂತ ಬರೆದಿರುತ್ತಾರೆ, ಅದನ್ನು ನೋಡಿ ದುಡ್ಡು ಕೊಟ್ಟುಬಿಡುತ್ತೇವೆ.

ಮೊದಲು ಡೇಲ್ ಕಾರ್ನೆಗಿ ಮತ್ತು ಸ್ಟೀಫನ್ ಕೋವಿ. ಜನ ಜಾಸ್ತಿ ಕೇಳುವುದು ಈ ಇಬ್ಬರಲ್ಲಿ ಯಾರನ್ನು ಓದಲಿ ಅಂತ.

ಕಾರ್ನೆಗಿಯ 'ಹೌ ಟು ವಿನ್ ಫ್ರೆಂಡ್ಸ್ ಅಂಡ್ ಇನ್‌ಫ್ಲುಯೆನ್ಸ್ ಪೀಪಲ್' ಬಂದದ್ದು 1936ರಲ್ಲಿ. ಅದಕ್ಕೂ ಮುಂಚೆ, 1912ರಿಂದಲೇ, ಆತ ನ್ಯೂಯಾರ್ಕ್‌ನಲ್ಲಿ ಕೆಲಸ ಮುಗಿಸಿ ಬರುವವರಿಗೆ ಸಂಜೆ ಹೊತ್ತು ಭಾಷಣ ಕಲೆ ಹೇಳಿಕೊಡುತ್ತಿದ್ದ. ಪುಸ್ತಕದಲ್ಲಿ ಆ ತರಗತಿಯ ವಾಸನೆ ಇದೆ. ಅಧ್ಯಾಯಗಳು ಚಿಕ್ಕವು, ಪ್ರತಿ ಅಧ್ಯಾಯಕ್ಕೂ ಒಂದೋ ಎರಡೋ ಕಥೆ, ಕೊನೆಗೆ ಒಂದು ಸಾಲಿನ ಸೂತ್ರ. ಒಟ್ಟು 30 ಸೂತ್ರ. ಜನರ ಜೊತೆ ವ್ಯವಹರಿಸಲು 3, ಇಷ್ಟವಾಗಲು 6, ನಮ್ಮ ಮಾತಿಗೆ ಒಪ್ಪಿಸಲು 12, ಮನಸ್ಸು ನೋಯಿಸದೆ ತಿದ್ದಲು 9. ಈ ಕೊನೆಯ ಒಂಬತ್ತೇ ನನ್ನಂಥವರಿಗೆ ಬೇಕಾದದ್ದು. ತಪ್ಪನ್ನು ನೇರವಾಗಿ ಮುಖಕ್ಕೆ ಹೇಳಬೇಡ. ಮೊದಲು ನಿನ್ನ ತಪ್ಪು ಹೇಳಿಕೋ. ಎದುರಿನವರ ಮಾನ ಉಳಿಸು. ಸೀದಾ ಆ ಒಂಬತ್ತಕ್ಕೆ ಹೋಗಿ ಓದಿದರೂ ನಷ್ಟವಿಲ್ಲ. ಅಷ್ಟನ್ನು ನಾನು ಏಪ್ರಿಲ್‌ಗೆ ಮುಂಚೆ ಓದಿದ್ದರೆ ಆ ಅಕ್ಕ ಇವತ್ತೂ ನಮ್ಮಲ್ಲೇ ಇರುತ್ತಿದ್ದರು. ನಾನು ಎಲ್ಲರ ಮುಂದೆ ಕೂಗುತ್ತಿರಲಿಲ್ಲ. ಅಷ್ಟು ಖಂಡಿತ.

ಆದರೆ ಕಾರ್ನೆಗಿಗೂ ಒಂದು ಮಿತಿ ಇದೆ. ನಾನು ಮೆಲ್ಲಗೆ, ಮರ್ಯಾದೆಯಿಂದ, ಪಕ್ಕಕ್ಕೆ ಕರೆದು ಹೇಳಿದ್ದರೂ ಹೇಳುತ್ತಿದ್ದದ್ದು ಏನು? "ಅಕ್ಕಾ, ನೋಡಿ ಹೊಲೀರಿ" ಅಂತಲೇ. ಅಂದರೆ ತಪ್ಪು ಅವರದೇ ಅಂದುಕೊಂಡೇ ಇರುತ್ತಿದ್ದೆ. ಚೀಟಿ ಹಾರಿದ್ದು ಗೊತ್ತೇ ಆಗುತ್ತಿರಲಿಲ್ಲ. ಮಾತು ಸಿಹಿಯಾಗುತ್ತಿತ್ತು, ಮುಂದಿನ ವಾರ ಇನ್ನೊಂದು ಬಂಡಲ್ ಕೆಡುತ್ತಿತ್ತು.

ಕೋವಿ ಕೆಲಸಕ್ಕೆ ಬರುವುದು ಅಲ್ಲಿ. 'ದ ಸೆವೆನ್ ಹ್ಯಾಬಿಟ್ಸ್ ಆಫ್ ಹೈಲಿ ಎಫೆಕ್ಟಿವ್ ಪೀಪಲ್', 1989. ಆತ ಶುರುವಿನಲ್ಲೇ ಒಂದು ಮಾತು ಎತ್ತುತ್ತಾನೆ. ಯಶಸ್ಸಿನ ಬಗ್ಗೆ ಇತ್ತೀಚೆಗೆ ಬಂದ ಪುಸ್ತಕಗಳು ಜಾಸ್ತಿ ಮಾತಿನ ಚಾತುರ್ಯ, ನಗುಮುಖ, ಮೇಲಿನ ನಯವನ್ನೇ ಹೇಳುತ್ತವೆ, ಹಳೆಯವು ನಡತೆಯನ್ನು ಹೇಳುತ್ತಿದ್ದವು ಅಂತ. ಏಳು ಅಭ್ಯಾಸಗಳಲ್ಲಿ ಮೊದಲ ಮೂರು ನಮ್ಮನ್ನು ನಾವು ಹಿಡಿತಕ್ಕೆ ತಂದುಕೊಳ್ಳುವುದಕ್ಕೆ, ಆಮೇಲಿನ ಮೂರು ಬೇರೆಯವರ ಜೊತೆ ಬಾಳುವುದಕ್ಕೆ, ಏಳನೆಯದು ದಣಿದ ಮೈ ಮನಸ್ಸನ್ನು ಮತ್ತೆ ಹದ ಮಾಡಿಕೊಳ್ಳುವುದಕ್ಕೆ. ಐದನೆಯದನ್ನು ನಾನು ಒಂದು ಹಾಳೆಯಲ್ಲಿ ಬರೆದು ನನ್ನ ಟೇಬಲ್ ಗಾಜಿನ ಕೆಳಗೆ ಇಟ್ಟಿದ್ದೇನೆ. ಮೊದಲು ಎದುರಿನವರನ್ನು ಅರ್ಥ ಮಾಡಿಕೋ, ಆಮೇಲೆ ನಿನ್ನ ಮಾತು ಹೇಳು, ಇಷ್ಟೇ ಅದರ ಅರ್ಥ. ಆವತ್ತು "ಅಕ್ಕಾ, ಈ ಬಂಡಲ್ ನಿಮ್ಮ ಹತ್ತಿರ ಹೇಗೆ ಬಂತು?" ಅಂತ ಒಂದೇ ಒಂದು ಪ್ರಶ್ನೆ ಕೇಳಿದ್ದರೆ ಸಾಕಿತ್ತು. ಅವರು ಚೀಟಿ ತೋರಿಸುತ್ತಿದ್ದರು. ಚೀಟಿಯ ಮೇಲೆ 32 ಅಂತಲೇ ಇತ್ತು.

ಹಾಗಾದರೆ ಕೋವಿ ಮೇಲು ಅಂತ ಹೇಳಿಬಿಡಬಹುದಾ? ಇಲ್ಲ, ಓದುವುದು ಕಷ್ಟ. ಉದ್ದುದ್ದ ವಾಕ್ಯ, ಚಿತ್ರ, ಚೌಕ, ಬಾಣ. ಎರಡನೇ ಅಭ್ಯಾಸದಲ್ಲಿ ನಿಮ್ಮ ಅಂತ್ಯಸಂಸ್ಕಾರವನ್ನೇ ಕಲ್ಪಿಸಿಕೊಳ್ಳಿ, ಅಲ್ಲಿ ಯಾರು ಏನು ಹೇಳಬೇಕು ಅಂತ ಯೋಚಿಸಿ ಅನ್ನುತ್ತಾನೆ. ನಮ್ಮ ಮನೆಯಲ್ಲಿ ಅದನ್ನು ಗಟ್ಟಿಯಾಗಿ ಓದಿದಾಗ ಅತ್ತೆಗೆ ಸಿಟ್ಟು ಬಂತು, ಅಪಶಕುನ ಅಂತ. ಒಂಬತ್ತು ಗಂಟೆ ನಿಂತು ಕೆಲಸ ಮಾಡಿ ಬಂದವರು ರಾತ್ರಿ ಎರಡು ಪುಟಕ್ಕಿಂತ ಹೆಚ್ಚು ಓದಲಾರರು. ನನಗೆ ಏಳು ತಿಂಗಳು ಹಿಡಿಯಿತು.

ಅದಕ್ಕೆ ನನ್ನ ತೀರ್ಮಾನ ಹೀಗಿದೆ. ನಿಮ್ಮ ಬಾಯಿಯಿಂದ ಜನ ದೂರ ಹೋಗುತ್ತಿದ್ದಾರೆ ಅನ್ನಿಸಿದರೆ, ಓದುವ ಅಭ್ಯಾಸವೂ ಕಡಿಮೆ ಇದ್ದರೆ, ಕಾರ್ನೆಗಿ. ಜನ ನಿಮ್ಮನ್ನು ಇಷ್ಟಪಡುತ್ತಾರೆ ಆದರೂ ಕೆಲಸ ಹಳ್ಳ ಹಿಡಿಯುತ್ತಿದೆ, ದಿನವಿಡೀ ಓಡಾಡಿದರೂ ಮುಖ್ಯವಾದದ್ದೇ ಉಳಿದುಹೋಗುತ್ತಿದೆ ಅನ್ನಿಸಿದರೆ ಕೋವಿ, ಅದರಲ್ಲೂ ಮೂರನೇ ಅಭ್ಯಾಸ. ತುರ್ತಾದದ್ದು ಬೇರೆ, ಮುಖ್ಯವಾದದ್ದು ಬೇರೆ ಅಂತ ಆತ ಬಿಡಿಸಿ ತೋರಿಸುವ ಭಾಗ ಅದು. ಆ ಒಂದು ಭಾಗಕ್ಕೆ ಪುಸ್ತಕದ ಪೂರ್ತಿ ದುಡ್ಡು ಕೊಡಬಹುದು.

ಈಗ ಜೇಮ್ಸ್ ಕ್ಲಿಯರ್. 'ಅಟಾಮಿಕ್ ಹ್ಯಾಬಿಟ್ಸ್', 2018. ಇತ್ತೀಚೆಗೆ ಹುಡುಗರ ಕೈಯಲ್ಲಿ ಜಾಸ್ತಿ ಕಾಣುವುದು ಇದೇ. ಒಂದು ವಿಷಯ ಮೊದಲೇ ತಿಳಿದುಕೊಳ್ಳಿ, ಇದು ನಾಯಕತ್ವದ ಪುಸ್ತಕ ಅಲ್ಲ. ಬೇರೆಯವರನ್ನು ಹೇಗೆ ನಡೆಸಬೇಕು ಅಂತ ಇದರಲ್ಲಿ ಹುಡುಕಿದರೆ ನಿರಾಸೆಯಾಗುತ್ತದೆ. ನಮ್ಮ ನಮ್ಮ ಅಭ್ಯಾಸ ಹೇಗೆ ಹುಟ್ಟುತ್ತದೆ, ಹೇಗೆ ಬಿಡುತ್ತದೆ ಅನ್ನುವುದೇ ಇದರ ವಿಷಯ. ಒಳ್ಳೆಯ ಅಭ್ಯಾಸ ಬೇಕಾದರೆ ಅದು ಕಣ್ಣಿಗೆ ಬೀಳುವಂತೆ ಮಾಡು, ಮನಸ್ಸು ಎಳೆಯುವಂತೆ ಮಾಡು, ಸುಲಭ ಮಾಡು, ಮಾಡಿದ ಕೂಡಲೇ ಸಮಾಧಾನ ಸಿಗುವಂತೆ ಮಾಡು. ಈ ನಾಲ್ಕರ ಮೇಲೇ ಇಡೀ ಪುಸ್ತಕ ನಿಂತಿದೆ. ಶಾಲೆಯಲ್ಲಿದ್ದಾಗ ಆತನ ಮುಖಕ್ಕೆ ಬೇಸ್‌ಬಾಲ್ ಬ್ಯಾಟ್ ಬಡಿದು ದೊಡ್ಡ ಗಾಯವಾಗಿತ್ತು, ಅದರಿಂದ ಸ್ವಲ್ಪ ಸ್ವಲ್ಪವಾಗಿ ಚೇತರಿಸಿಕೊಂಡ ಕಥೆಯಿಂದಲೇ ಪುಸ್ತಕ ಶುರುವಾಗುತ್ತದೆ. ಭಾಷೆ ಸರಳ.

30 ಪ್ಯಾಂಟ್ ಇದರ ಮುಂದೆ ಇಟ್ಟಾಗ ನನಗೆ ಬಂದ ಉತ್ತರವೇ ಬೇರೆ. ಕಾರ್ನೆಗಿ ನನ್ನ ನಾಲಿಗೆ ನೋಡಿದ, ಕೋವಿ ನನ್ನ ಕಿವಿ ನೋಡಿದ, ಕ್ಲಿಯರ್ ಸೀದಾ ಟೇಬಲ್ ನೋಡಿದ. ಎಚ್ಚರವಾಗಿರಿ ಅಂತ ಎಷ್ಟು ಸಲ ಹೇಳಿದರೂ ಪ್ರಯೋಜನವಿಲ್ಲ, ಎಚ್ಚರ ತಪ್ಪಿದರೂ ತಪ್ಪಾಗದ ಹಾಗೆ ಜಾಗವನ್ನು ಸಜ್ಜು ಮಾಡಬೇಕು ಅಂತ ಹೊಳೆಯಿತು. ಕಟಿಂಗ್ ಮಾಸ್ಟರ್ ಹತ್ತಿರ ಕೂತು ಮಾತಾಡಿದೆ. ಈಗ ಚೀಟಿಯ ಮೇಲೇ ನಂಬಿಕೆ ಇಟ್ಟಿಲ್ಲ. ಪ್ರತಿ ಪೀಸಿನ ಒಳಮೈಗೆ, ಮೇಲಂಚಿನಲ್ಲಿ, ಚಾಕ್‌ಪೀಸಿನಿಂದ ಸೈಜ್ ಬರೆಯುತ್ತೇವೆ. 32 ಬಿಳಿ, 34 ಹಳದಿ, 36 ಗುಲಾಬಿ. ಕಡು ನೀಲಿ ಬಟ್ಟೆಯ ಮೇಲೆ ಆ ಬಣ್ಣ ದೂರದಿಂದಲೇ ಕಾಣುತ್ತದೆ. ಬಿಳಿಗೆ ಹಳದಿ ಸೇರಿದರೆ ಓದು ಬಾರದ ಅಜ್ಜಿಗೂ ಗೊತ್ತಾಗುತ್ತದೆ. ವಾಷಿಂಗ್‌ಗೆ ಹೋದಾಗ ಚಾಕ್ ತಾನೇ ಹೋಗುತ್ತದೆ. ಅವತ್ತಿನಿಂದ ಈ ತಪ್ಪು ಮತ್ತೆ ಆಗಿಲ್ಲ.

ಪರೀಕ್ಷೆಗೆ ಓದುವವರಿಗೆ, ಗುಟ್ಕಾ ಬಿಡಬೇಕು ಅನ್ನುವವರಿಗೆ, ಬೆಳಿಗ್ಗೆ ಬೇಗ ಏಳಬೇಕು ಅನ್ನುವವರಿಗೆ ನಾನು ಕಣ್ಣು ಮುಚ್ಚಿ ಕ್ಲಿಯರ್ ಕೊಡುತ್ತೇನೆ. ಯಾವ ಹೊಸ ಅಭ್ಯಾಸವನ್ನಾದರೂ ಎರಡು ನಿಮಿಷದ ಕೆಲಸದಿಂದ ಶುರು ಮಾಡು ಅನ್ನುವ ಅವನ ಮಾತು ಕೈಗೆ ಸಿಗುವಂಥದ್ದು.

ಇನ್ನು ದೊಡ್ಡ ಕಂಪನಿಗಳ ಪುಸ್ತಕ. ಆ ಘಟನೆ ಆದ ವಾರವೇ ನಾನು ಮೊದಲು ಕೊಂಡದ್ದು ಜಿಮ್ ಕಾಲಿನ್ಸ್ ಬರೆದ 'ಗುಡ್ ಟು ಗ್ರೇಟ್'. 2001ರ ಪುಸ್ತಕ. ಹೆಸರು ಕೇಳಿದ್ದೆ, ದಪ್ಪ ಇತ್ತು, ತಗೊಂಡೆ. 1,435 ಕಂಪನಿಗಳನ್ನು ಸೋಸಿ 11 ಕಂಪನಿ ಆರಿಸಿ, ಅವು ಹೇಗೆ ಮೇಲೆ ಬಂದವು ಅಂತ ನೋಡಿದ್ದಾರೆ. ಶ್ರಮದ ಕೆಲಸ, ಗೌರವ ಇದೆ. ದೊಡ್ಡ ನಾಯಕರು ಸದ್ದು ಮಾಡುವವರಲ್ಲ, ವಿನಯದವರು ಮತ್ತು ಹಟದವರು ಅನ್ನುವ ಮಾತು ನನಗೆ ತುಂಬಾ ಹಿಡಿಸಿತು. ಆದರೆ ಯಾರನ್ನು ಕೆಲಸಕ್ಕೆ ಇಟ್ಟುಕೊಳ್ಳಬೇಕು, ಯಾರನ್ನು ಬಿಡಬೇಕು ಅಂತ ತೀರ್ಮಾನ ಮಾಡುವ ಅಧಿಕಾರ ಇರುವವರಿಗೆ ಬರೆದದ್ದು ಅದು. ನನ್ನ ಕೈಯಲ್ಲಿ ಆ ಅಧಿಕಾರ ಇಲ್ಲ. ಇನ್ನೊಂದು ಮಾತು, ಆ 11ರಲ್ಲಿ ಒಂದಾದ, ಟಿವಿ ಮುಂತಾದ ಎಲೆಕ್ಟ್ರಾನಿಕ್ ಸಾಮಾನು ಮಾರುತ್ತಿದ್ದ ಸರ್ಕಿಟ್ ಸಿಟಿ 2008ರಲ್ಲಿ ದಿವಾಳಿ ಅರ್ಜಿ ಹಾಕಿತು. ಅದೇ ವರ್ಷ ಇನ್ನೊಂದು, ಮನೆ ಸಾಲದ ವ್ಯವಹಾರದ ಫ್ಯಾನಿ ಮೇ, ಅಮೆರಿಕ ಸರ್ಕಾರದ ಹಿಡಿತಕ್ಕೆ ಹೋಯಿತು. ಗೆದ್ದ ಮೇಲೆ ಹಿಂತಿರುಗಿ ನೋಡಿ ಗೆಲುವಿನ ಸೂತ್ರ ಬರೆದರೆ ಈ ಕಷ್ಟ ಬರುತ್ತದೆ. ಸ್ವಂತ ಯೂನಿಟ್ ಇಟ್ಟವರು, ಗಂಗಾವತಿಯಲ್ಲಿ ರೈಸ್ ಮಿಲ್ ನಡೆಸುವವರು, ಹತ್ತಾರು ಜನರಿಗೆ ಸಂಬಳ ಕೊಡುವವರು ಓದಲಿ. ಉಳಿದವರು ಇದನ್ನು ಕೊಳ್ಳುವ ಮೊದಲು ಬೇರೆ ನಾಲ್ಕು ಓದಿ.

ನೆಪೋಲಿಯನ್ ಹಿಲ್ ಬರೆದ 'ಥಿಂಕ್ ಅಂಡ್ ಗ್ರೋ ರಿಚ್' ಬಗ್ಗೆ ಹೆಚ್ಚು ಹೇಳುವುದಿಲ್ಲ. 1937ರದು. ಓದಿದ ಎರಡು ದಿನ ಮೈಯಲ್ಲಿ ಹುರುಪು ಇರುತ್ತದೆ, ಮೂರನೇ ದಿನ ಏನು ಮಾಡಬೇಕು ಅಂತ ಗೊತ್ತಾಗುವುದಿಲ್ಲ. ಉಕ್ಕಿನ ಉದ್ಯಮಿ ಆಂಡ್ರ್ಯೂ ಕಾರ್ನೆಗಿಯೇ ತನಗೆ ಈ ಕೆಲಸ ವಹಿಸಿದ ಅಂತ ಹಿಲ್ ಹೇಳಿಕೊಂಡಿದ್ದಾನೆ. ಅವನ ಮಾತು ಬಿಟ್ಟರೆ ಅದಕ್ಕೆ ಬೇರೆ ಪುರಾವೆ ಸಿಕ್ಕಿಲ್ಲ. ಅಂದ ಹಾಗೆ ಆ ಕಾರ್ನೆಗಿ ಬೇರೆ, ಮೇಲೆ ಹೇಳಿದ ಡೇಲ್ ಕಾರ್ನೆಗಿ ಬೇರೆ. ಸಂಬಂಧಿಕರೂ ಅಲ್ಲ. ನಮ್ಮ ಹುಡುಗರು ಇಬ್ಬರನ್ನೂ ಒಬ್ಬರೇ ಅಂದುಕೊಂಡಿರುತ್ತಾರೆ.

ಸೂತ್ರ ಬೇಡ, ಮನುಷ್ಯರ ಬದುಕು ಬೇಕು ಅನ್ನುವವರೂ ಇದ್ದಾರೆ. ನಾನೂ ಈಗ ಆ ಕಡೆಗೇ ವಾಲುತ್ತಿದ್ದೇನೆ. ಅಬ್ದುಲ್ ಕಲಾಂ ಅವರು ಅರುಣ್ ತಿವಾರಿ ಜೊತೆ ಬರೆದ ಆತ್ಮಕಥೆ 'ವಿಂಗ್ಸ್ ಆಫ್ ಫೈರ್' 1999ರಲ್ಲಿ ಬಂತು. ಅದರಲ್ಲಿ ಒಂದು, ಎರಡು, ಮೂರು ಅಂತ ಪಟ್ಟಿ ಇಲ್ಲ. ರಾಮೇಶ್ವರದ ಹುಡುಗ ಒಬ್ಬ ಸೋಲುತ್ತಾ, ಏಳುತ್ತಾ ಹೋಗುವುದು ಇದೆ. ಎಸ್‌ಎಲ್‌ವಿ-3 ಉಡಾವಣೆಯ ಕಾಲದ ಒಂದು ಸಂಗತಿಯನ್ನು ಕಲಾಂ ತಮ್ಮ ಭಾಷಣಗಳಲ್ಲಿ ಮತ್ತೆ ಮತ್ತೆ ಹೇಳುತ್ತಿದ್ದರು. 1979ರ ಆಗಸ್ಟ್ 10ರಂದು ಮೊದಲ ರಾಕೆಟ್ ಬಂಗಾಳ ಕೊಲ್ಲಿಗೆ ಬಿತ್ತು. ಕಲಾಂ ಆ ಯೋಜನೆಯ ನಿರ್ದೇಶಕರು. ಆದರೆ ಪತ್ರಕರ್ತರ ಮುಂದೆ ಹೋಗಿ ಕೂತು ಹೊಣೆ ಹೊತ್ತವರು ಇಸ್ರೋ ಅಧ್ಯಕ್ಷ ಸತೀಶ್ ಧವನ್. 1980ರ ಜುಲೈ 18ರಂದು ರಾಕೆಟ್ ಗೆದ್ದಿತು, ರೋಹಿಣಿ ಉಪಗ್ರಹ ಕಕ್ಷೆ ಸೇರಿತು. ಆಗ ಧವನ್ ಅವರು ಕಲಾಂ ಅವರನ್ನೇ ಪತ್ರಕರ್ತರ ಮುಂದೆ ಕಳಿಸಿದರು.

ಈ ಕಥೆ ಕೇಳಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. 30 ಪ್ಯಾಂಟ್ ಕೆಟ್ಟಾಗ ಮಾಲೀಕರ ಮುಂದೆ ನಾನು ಯಾರ ಹೆಸರು ಹೇಳಿದೆ ಅಂತ ನೆನಪಾಯಿತು.

ನಮ್ಮ ಕಡೆಯವರಿಗೆ ಆಗಸ್ಟ್ 10 ಅಂದರೆ ಇನ್ನೊಂದು ನೆನಪೂ ಇದೆ. 2024ರಲ್ಲಿ ಅದೇ ದಿನ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಕ್ರಸ್ಟ್ ಗೇಟಿನ ಚೈನ್ ಕಡಿದು ಗೇಟ್ ಕೊಚ್ಚಿಹೋಯಿತು. ಕೊಪ್ಪಳ, ರಾಯಚೂರು, ಬಳ್ಳಾರಿ ಮೂರೂ ಕಡೆ ರೈತರ ಮನೆಯಲ್ಲಿ ಆ ವಾರ ಒಲೆ ಹಚ್ಚಲು ಮನಸ್ಸಿರಲಿಲ್ಲ, ತುಂಬಿದ ನೀರು ಕಣ್ಣೆದುರೇ ಹರಿದು ಹೋಗುತ್ತಿತ್ತು. ನಿವೃತ್ತ ಇಂಜಿನಿಯರ್ ಕನ್ನಯ್ಯ ನಾಯ್ಡು ಅವರು ಆ ವಯಸ್ಸಿನಲ್ಲಿ ಬಂದು ನಿಂತರು. ಒಂದೇ ವಾರದಲ್ಲಿ, ಹರಿಯುವ ನೀರಿನಲ್ಲೇ, ಗೇಟಿನ ಬಾಯಿಗೆ ಅಡ್ಡ ಹಾಕುವ ಉಕ್ಕಿನ ತುಂಡುಗಳಾದ ಸ್ಟಾಪ್‌ಲಾಗ್ ಇಳಿಸಿ ಮುಚ್ಚಿದರು. ನನ್ನ ತವರು ಸಿಂಧನೂರು ಕಡೆ, ಭತ್ತದ ಮನೆ. ನಾಯಕತ್ವ ಅಂದರೆ ಏನು ಅಂತ ಯಾರಾದರೂ ಕೇಳಿದರೆ ನಮ್ಮ ಅಣ್ಣ ಇವತ್ತಿಗೂ ಆ ವಾರವನ್ನೇ ಹೇಳುತ್ತಾನೆ. ಇಂಥ ಸಂಗತಿ ಪತ್ರಿಕೆಯಲ್ಲಿ ಬಂದಾಗ ಕತ್ತರಿಸಿ ಇಟ್ಟುಕೊಳ್ಳಿ, ಅದೂ ಓದೇ.

ಮನಸ್ಸೇ ಕುಸಿದಿರುವಾಗ ಮೇಲಿನ ಯಾವುದೂ ಬೇಡ. ಆಗ ವಿಕ್ಟರ್ ಫ್ರಾಂಕ್ಲ್. ವಿಯೆನ್ನಾದ ಮನೋವೈದ್ಯ, ನಾಜಿಗಳ ಆಶ್ವಿಟ್ಜ್ ಶಿಬಿರ ಕಂಡು ಬದುಕಿ ಬಂದವರು. 'ಮ್ಯಾನ್ಸ್ ಸರ್ಚ್ ಫಾರ್ ಮೀನಿಂಗ್' ಮೊದಲು ಜರ್ಮನ್‌ನಲ್ಲಿ 1946ರಲ್ಲಿ ಬಂತು. ಚಿಕ್ಕ ಪುಸ್ತಕ. ಅಪ್ಪ ತೀರಿಕೊಂಡ ವರ್ಷ ಓದಿದೆ. ಅದರ ಮುಂದೆ ಪ್ಯಾಂಟಿನ ಲೆಕ್ಕ ಇಡಲು ಮನಸ್ಸು ಬರುವುದಿಲ್ಲ.

ಕನ್ನಡದ್ದೇ ಬೇಕು, ಅನುವಾದ ಬೇಡ ಅಂದರೆ ಡಿವಿಜಿಯವರ 'ಮಂಕುತಿಮ್ಮನ ಕಗ್ಗ' ಇದೆಯಲ್ಲ. 1943ರದು, 945 ಪದ್ಯ, ನಾಲ್ಕು ನಾಲ್ಕು ಸಾಲು. ಹಳೆಯ ಪದಗಳು ಬರುತ್ತವೆ, ಅರ್ಥ ಕೊಟ್ಟಿರುವ ಪ್ರತಿಯನ್ನೇ ತಗೊಳ್ಳಿ. ಓದಿ ಮುಗಿಸುವ ಪುಸ್ತಕ ಅಲ್ಲ ಅದು, ದಿನಕ್ಕೊಂದು ಪದ್ಯ ಸಾಕು. ತಂಡ ನಡೆಸುವ ಉಪಾಯ ಅದರಲ್ಲಿ ಸಿಗುವುದಿಲ್ಲ, ಸಿಟ್ಟು ಬಂದಾಗ ಒಂದು ಕ್ಷಣ ನಿಲ್ಲುವ ಅಭ್ಯಾಸ ಸಿಗುತ್ತದೆ.

ಕೊಳ್ಳುವಾಗ ಒಂದೆರಡು ಮಾತು. ಮೇಲೆ ಹೇಳಿದ ಇಂಗ್ಲಿಷ್ ಪುಸ್ತಕಗಳಲ್ಲಿ ಕೆಲವು ಕನ್ನಡದಲ್ಲೂ ಸಿಗುತ್ತವೆ. ಆದರೆ ಅನುವಾದ ಎಲ್ಲವೂ ಒಂದೇ ತರಹ ಇರುವುದಿಲ್ಲ. ಅಂಗಡಿಯಲ್ಲೇ ನಿಂತು ನಡುವಿನ ಒಂದು ಪುಟ ತೆಗೆದು ಮೆಲ್ಲಗೆ ಬಾಯಿಬಿಟ್ಟು ಓದಿ. ಉಸಿರು ಕಟ್ಟಿದರೆ, ಒಂದು ವಾಕ್ಯವನ್ನು ಮೂರು ಸಲ ಓದಬೇಕಾಗಿ ಬಂದರೆ ಬಿಟ್ಟುಬಿಡಿ. ಮೊದಲ ಪುಟ ನೋಡಬೇಡಿ, ಅದನ್ನು ಎಲ್ಲರೂ ಚೆನ್ನಾಗಿ ಮಾಡಿರುತ್ತಾರೆ. ಫುಟ್‌ಪಾತ್ ಮೇಲೆ ಅರ್ಧ ಬೆಲೆಗೆ ಸಿಗುವ ನಕಲು ಪ್ರತಿಯಲ್ಲಿ ಪುಟ ಹೋಗಿರುತ್ತವೆ, ಅಕ್ಷರ ಮಸುಕಾಗಿರುತ್ತದೆ. ಅದರ ಬದಲು ಹಳೆಯ ಅಸಲಿ ಪ್ರತಿ ಹುಡುಕಿ. ಇನ್ನೂ ಒಳ್ಳೆಯದು, ಜಿಲ್ಲಾ ಕೇಂದ್ರ ಗ್ರಂಥಾಲಯದಲ್ಲಿ ಸದಸ್ಯರಾಗಿ. ಹಳ್ಳಿಯಲ್ಲಿದ್ದರೆ ಪಂಚಾಯಿತಿ ಗ್ರಂಥಾಲಯ ಈಗ ಅರಿವು ಕೇಂದ್ರ ಅಂತ ಆಗಿದೆ, ಅಲ್ಲಿ ಕೇಳಿ. ಮೊದಲು ಎರವಲು ತಂದು ಓದಿ, ಪೆನ್ಸಿಲ್‌ನಲ್ಲಿ ಗೆರೆ ಎಳೆಯಬೇಕು ಅಂತ ಕೈ ತುರಿಸಿದರೆ ಆಗ ಕೊಳ್ಳಿ.

ಮತ್ತೆ, ಒಂದು ಪುಸ್ತಕ ಮುಗಿದ ಕೂಡಲೇ ಇನ್ನೊಂದಕ್ಕೆ ಹಾರಬೇಡಿ. ಒಂದು ಮಾತನ್ನಾದರೂ ಒಂದು ತಿಂಗಳು ಮಾಡಿ ನೋಡಿ. ನನ್ನ ಪರಿಚಯದ ಒಬ್ಬರು ಇಂಥ 40 ಪುಸ್ತಕ ಓದಿದ್ದಾರೆ, ಅವರ ಕೈಕೆಳಗಿನ ಹುಡುಗನಿಗೆ ಇನ್ನೂ ಹೆಸರು ಹಿಡಿದು ಕರೆಯುವುದಿಲ್ಲ, "ಏಯ್" ಅಂತಲೇ ಕರೆಯುತ್ತಾರೆ. ನೋಡಿದರೆ ಸಂಕಟವಾಗುತ್ತದೆ.

ಆ ಅಕ್ಕನ ಮನೆಗೆ ನಾನು ಹೋಗಿದ್ದೆ. ಕೌಲ್ ಬಜಾರ್ ಕಡೆ ಒಂದು ಸಣ್ಣ ಮನೆ. ಮೊದಲು ನನ್ನ ತಪ್ಪು ಹೇಳಿಕೊಂಡೆ, ಚೀಟಿ ಹಾರಿದ ವಿಷಯ ಹೇಳಿದೆ, ಮಾಲೀಕರಿಗೂ ನಿಜ ತಿಳಿಸಿದ್ದೇನೆ ಅಂದೆ. ಅವರು ಚಹಾ ಕೊಟ್ಟರು. ವಾಪಸ್ ಬರಲಿಲ್ಲ, ಬೇರೆ ಯೂನಿಟ್‌ನಲ್ಲಿ ಸೇರಿಯಾಗಿತ್ತು. ಆದರೆ ಎರಡು ತಿಂಗಳಾದ ಮೇಲೆ ಮಗಳನ್ನು ನನ್ನ ಮನೆಗೆ ಕಳಿಸಿದರು. ಸೆಕೆಂಡ್ ಪಿಯು ಓದುವ ಹುಡುಗಿ. "ಅಮ್ಮ ಹೇಳಿದ್ರು, ನಿಮ್ಮ ಹತ್ರ ಒಳ್ಳೆ ಬುಕ್ ಇರ್ತವಂತೆ" ಅಂದಳು.

ಕ್ಲಿಯರ್ ಮತ್ತು ಕಲಾಂ, ಎರಡನ್ನೂ ಅವಳ ಮುಂದೆ ಇಟ್ಟೆ. ಎರಡರಲ್ಲೂ ನಡುವಿನ ಒಂದೊಂದು ಪುಟ ಗಟ್ಟಿಯಾಗಿ ಓದು ಅಂದೆ. ಕ್ಲಿಯರ್ ಪುಟ ಓದಿ ಮುಚ್ಚಿ ಇಟ್ಟಳು. ಕಲಾಂ ಪುಟ ಮುಗಿಯಿತು, ಅವಳು ನಿಲ್ಲಿಸಲಿಲ್ಲ, ಹಾಳೆ ತಿರುಗಿಸಿ ಮುಂದಕ್ಕೆ ಓದುತ್ತಾ ಹೋದಳು. ಅದನ್ನೇ ಕೊಟ್ಟು ಕಳಿಸಿದೆ.